ಕುರ್ಚಿಯೊಳಗೆ ಹೊಲಿದಿಟ್ಟ ಪದಗಳು

ಅವನು ಸೋಫಾ ರಿಪೇರಿಯವನು. ಕುಸಿದ ಸೋಫಾ, ಹರಿದ ಕುರ್ಚಿ ಏನೇ ತಂದುಹಾಕಿದರೂ ಸ್ಪ್ರಿಂಗು, ಸ್ಪಂಜು ಬದಲಿಸಿ ಹೊಸದರಂತೆ ಮಾಡಿಕೊಡುತ್ತಿದ್ದ. ಅಂಗಡಿಯ ಹಿಂಭಾಗದಲ್ಲಿ, ಪರದೆಯಾಚೆ ಹೆಂಡತಿ ಮಷೀನಿನ ಮುಂದೆ ಕೂತು ಹೊದಿಕೆ ಹೊಲಿಯುತ್ತಿದ್ದಳು.

ಅವನು ಅಷ್ಟಿಷ್ಟು ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ, ಕೊಂಡು ಫೋನಿನಲ್ಲೇ ಇಟ್ಟಿದ್ದ. ಅದು ಅಪಾಯವೆಂದು ಪಕ್ಕದ ಮೊಬೈಲ್ ಅಂಗಡಿಯವನು ಆ ಹಣದ ಕೀಲಿಯನ್ನು ಫೋನಿನಿಂದಾಚೆ ಕಾದಿಡುವ ಹಾರ್ಡ್‌ವೇರ್ ವಾಲೆಟ್ ತರಿಸಿಕೊಟ್ಟ. ಹೆಬ್ಬೆರಳಿನಷ್ಟು ಸಾಧನ, ಎರಡು ಗುಂಡಿ, ಪುಟ್ಟ ಸ್ಕ್ರೀನು. ಸೋಫಾ ಅಂಗಡಿಯಲ್ಲೇ ಕೂತು, ಸೀಲು ಒಡೆದಿಲ್ಲವೆಂದು ಇಬ್ಬರೂ ನೋಡಿಕೊಂಡ ಮೇಲೆ ಇವನು ಪಿನ್ ಇಟ್ಟ. ಸ್ಕ್ರೀನಿನ ಮೇಲೆ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳು ಒಂದೊಂದಾಗಿ ಬರತೊಡಗಿದಾಗ ಮೊಬೈಲಿನವನು ಮುಖ ಆಚೆ ತಿರುಗಿಸಿದ.

“ಕಾಗದದ ಮೇಲೆ ಬರ್ಕೊಳ್ಳಿ. ಫೋಟೊ ತೆಗೀಬೇಡಿ, ಕಂಪ್ಯೂಟರಲ್ಲಿ ಟೈಪ್ ಮಾಡ್ಬೇಡಿ. ಪಿನ್ ಮೂರು ಸಲ ತಪ್ಪಾದ್ರೆ ಇದು ಎಲ್ಲಾ ಅಳಿಸ್ಕೊಂಡುಬಿಡುತ್ತೆ. ಆಮೇಲೆ ಈ ಪದಗಳೇ ಗತಿ, ಇವನ್ನ ಮತ್ತೆ ಒತ್ತಿದ್ರೇನೇ ಹಣ ವಾಪಸ್ ಬರೋದು. ಮನೇಲಿ ನಂಬೋ ಒಬ್ರಿಗೆ ಹೇಳಿಟ್ಟಿರಿ.”

“ನಮ್ಮನೆಯವಳಿಗಾ? ಅವಳಿಗೆ ಹೇಳೋದೂ ಒಂದೇ, ಮೈಕ್ ಹಿಡ್ಕೊಂಡು ಬೀದಿಗೆಲ್ಲ ಸಾರೋದೂ ಒಂದೇ!”

ಪರದೆಯಾಚೆ ಮಷೀನಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಅವಳು ಹೊರಗೆ ಹೋದಾಗ ಅಂಗಡಿಯಲ್ಲಿ ತಾನು ಕೂರುವ ಹಳೇ ಕುರ್ಚಿಯ ಸೀಟು ಬಿಚ್ಚಿ, ಕಾಗದವನ್ನು ಸ್ಪಂಜಿನಡಿ ಇಟ್ಟು ಹೊಲಿದುಬಿಟ್ಟ.

ವರ್ಷ ಕಳೆದ ಮೇಲೆ ಒಂದು ದಿನ ವಾಲೆಟ್ ತೆರೆಯಲು ಹೋದರೆ ಪಿನ್ ನೆನಪಿಗೆ ಬರಲಿಲ್ಲ. ಇದಿರಬಹುದು, ಅದಿರಬಹುದು ಎಂದು ಒತ್ತಿ ಒತ್ತಿ, ಮೂರನೆಯದೂ ತಪ್ಪಾಗಿ ಎಲ್ಲ ಅಳಿಸಿಹೋಯಿತು. ಕುರ್ಚಿಯ ಹೊಲಿಗೆ ಕಿತ್ತ. ಕಾಗದ ಇರಲಿಲ್ಲ.

ಕಳೆದ ವಾರ ಅಂಗಡಿಗೆ ಸಾಮಾನು ಸಾಗಿಸಲು ಬಂದಿದ್ದ ಹೆಂಡತಿಯ ತಮ್ಮ ನೆನಪಾದ. ಹಿಂದುಮುಂದು ನೋಡದೆ ಫೋನ್ ಹಚ್ಚಿದ. “ಕುರ್ಚಿಯಲ್ಲಿದ್ದದ್ದು ಎಲ್ಲಯ್ಯಾ? ಮನೆಯವನು ಅಂತ ಒಳಗೆ ಬಿಟ್ಟಿದ್ದಕ್ಕೆ ಕಳ್ಳತನವಾ?”

ಪರದೆ ಸರಿಸಿ ಹೆಂಡತಿ ಬಂದಳು. ಕೈಯಲ್ಲಿ ದಾರದ ಡಬ್ಬಿ. ಅದರ ತಳದಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಒಂದು ಮೂಲೆಯನ್ನು ಇಲಿ ಕಡಿದಿತ್ತು. ಪದಗಳಿಗೆ ಏನೂ ಆಗಿರಲಿಲ್ಲ.

“ಕುರ್ಚಿಗೆ ಇಲಿ ಹೊಕ್ಕಿತ್ತು. ಬಿಚ್ಚೋಕೆ ಹೋದ್ರೆ ಹೊಲಿಗೆ ನಂದಲ್ಲ. ಏನೋ ಮುಖ್ಯವಾದ್ದು ಅಂತ ತೆಗೆದಿಟ್ಟೆ, ಮತ್ತೆ ಹೊಲಿದೆ. ಓದ್ಲಿಲ್ಲ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ನಂಗೆ ಗೊತ್ತಾಗ್ಬಾರ್ದು ಅಂತ ತಾನೆ ನೀವು ಹೊಲಿದಿದ್ದು? ಇದುವರೆಗೂ ಯಾರಿಗೂ ಹೇಳ್ಲಿಲ್ಲ. ನಿಮಗೂ ಹೇಳ್ಲಿಲ್ಲ.”

ಫೋನ್ ಇನ್ನೂ ಕಟ್ಟಾಗಿರಲಿಲ್ಲ. ಅವಳೇ ಎತ್ತಿಕೊಂಡು, “ಸಿಕ್ತು ಕಣೋ, ಇಡು” ಎಂದಳು.

ಬಾಗಿಲು ಹಾಕಿಕೊಂಡು ಇಬ್ಬರೂ ಕೂತರು. ಅವಳು ಬೆರಳಿಟ್ಟು ತೋರಿಸಿದ ಪದವನ್ನು ಅವನು ಸಾಧನದಲ್ಲಿ ಅಕ್ಷರ ಅಕ್ಷರವಾಗಿ ಒತ್ತುತ್ತ ಹೋದ. ಕೊನೆಗೆ ಎಲ್ಲ ಇದ್ದದ್ದು ಇದ್ದ ಹಾಗೇ ಬಂತು. ಖುಷಿಯಾಗಬೇಕಿತ್ತು. ಅವಳ ಮುಖ ನೋಡುವ ಧೈರ್ಯವಾಗದೆ ಬಹಳ ಹೊತ್ತು ಆ ಪುಟ್ಟ ಸ್ಕ್ರೀನನ್ನೇ ನೋಡುತ್ತ ಕೂತ. ಹೊಸ ಪಿನ್ನನ್ನು ಅವಳಿಗೆ ಹೇಳಿದಾಗ, “ಹೂಂ” ಎಂದಳು, ಅಷ್ಟೇ.

ಮಾರನೇ ದಿನ ಬಾವಮೈದನ ಮನೆಗೆ ಹೋಗಿ, “ತಪ್ಪಾಯ್ತಪ್ಪಾ” ಎಂದ. “ಇರ್ಲಿ ಬಿಡಿ ಬಾವ” ಎಂದ ಅವನು, ನೆಲ ನೋಡುತ್ತ. ಆದರೆ ಆಮೇಲೆ ಬಂದಾಗಲೆಲ್ಲ ಅಂಗಡಿಯೊಳಗೆ ಕಾಲಿಡದೆ, ಬಾಗಿಲಲ್ಲೇ ನಿಂತು ಅಕ್ಕನನ್ನು ಕೂಗುತ್ತಿದ್ದ. ಒಳಗೆ ಬಾ ಎನ್ನಲು ಇವನಿಗೆ ಬಾಯಿ ಬರುತ್ತಿರಲಿಲ್ಲ.