ಉಲ್ಲಾಸ ಕಟ್ಟಿದ ಟೈ

ನನ್ನ ಕಪಾಟಿನಲ್ಲಿ ಒಂದು ಟೈ ಇದೆ. ಕಡುನೀಲಿ ಬಣ್ಣ, ಮೇಲೆ ಓರೆಯಾಗಿ ಬೂದು ಗೆರೆಗಳು. ಬಿಬಿಎ ಓದುವಾಗಿನ ಸಮವಸ್ತ್ರದ್ದು. ಅದರ ಗಂಟನ್ನು ಕಟ್ಟಿದ್ದು ನಾನಲ್ಲ. ಬಿಚ್ಚುವ ಧೈರ್ಯವೂ ಇದುವರೆಗೆ ಬಂದಿಲ್ಲ. ಕಪಾಟು ಚೊಕ್ಕ ಮಾಡುವಾಗಲೆಲ್ಲ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಬಿಸಾಡೂದಾ?" ಎಂದು ಕೇಳುತ್ತಾಳೆ. "ಇರ್ಲಿ" ಎನ್ನುತ್ತೇನೆ. ಯಾಕೆ ಇರಲಿ ಎಂದು ಅವಳು ಕೇಳುವುದಿಲ್ಲ. ಗಂಡಸರ ಕಪಾಟಿನಲ್ಲಿ ಕಾರಣವಿರುವ ವಸ್ತುಗಳು ಕಡಿಮೆ ಎಂಬುದು ಅವಳ ಅನುಭವ.

ಕಾರಣ ಇದೆ. ಹೊಟ್ಟೆಕಿಚ್ಚು. 'ಸ್ವಭಾವತಃ ನಾನು ಹೊಟ್ಟೆಕಿಚ್ಚಿನವನಲ್ಲ' ಎಂದೇ ಈ ಬರಹವನ್ನು ಆರಂಭಿಸಹೊರಟಿದ್ದೆ. ಆದರೆ ಪತ್ರಿಕೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನು ಪರಿಶೀಲಿಸದೆ ಏನನ್ನೂ ಬರೆಯಬಾರದು. ಪರಿಶೀಲಿಸಿದೆ. ಹೊಟ್ಟೆಕಿಚ್ಚಿನವನೇ.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು. ಕಾರವಾರದ ನಮ್ಮ ಕಾಲೇಜಿಗೆ ಬಿಬಿಎ ಆಗಷ್ಟೇ ಬಂದಿತ್ತು. ಅಂಕೋಲೆಯ ಕೇಣಿ ರಸ್ತೆಯ ನಮ್ಮ ಮನೆಯಲ್ಲಿ ಅದು ಏನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಯಿ, ಅಂದರೆ ನನ್ನ ತಾಯಿ, ಅಕ್ಕಪಕ್ಕದವರಿಗೆ, "ಮ್ಯಾನೇಜರ್ ಆಗೂಕೆ ಓದ್ತಾ ಇದ್ದ" ಎಂದು ಹೇಳಿ ಮುಗಿಸುತ್ತಿದ್ದಳು. ಯಾವುದರ ಮ್ಯಾನೇಜರ್ ಎಂದು ಕೇಳಿದರೆ, "ಅದು ಆಮೇಲೆ ಹೇಳ್ತ್ರಂತೆ" ಎನ್ನುತ್ತಿದ್ದಳು. ಮೂರು ವರ್ಷ ಓದಿದ ಮೇಲೂ ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ.

ಬಿಎ, ಬಿಕಾಂ ಹುಡುಗರಿಗೂ ನಮಗೂ ಇದ್ದ ಮುಖ್ಯ ವ್ಯತ್ಯಾಸ ಟೈ. ಸೋಮವಾರವೂ ಸೆಮಿನಾರಿನ ದಿನವೂ ಅದು ಕಡ್ಡಾಯ. ಕೊರಳಿಗೆ ಬಟ್ಟೆ ಸುತ್ತಿಕೊಳ್ಳುವ ಈ ಅಭ್ಯಾಸವನ್ನು ಯುರೋಪಿಗೆ ಕಲಿಸಿದವರು ಕ್ರೊಯೇಷಿಯದ ಸೈನಿಕರಂತೆ. ಅವರು ಏಪ್ರಿಲ್ ತಿಂಗಳಲ್ಲಿ ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದರೆ ಯುರೋಪಿನ ಉಡುಪಿನ ಚರಿತ್ರೆ ಬೇರೆಯಾಗುತ್ತಿತ್ತು. ಮೀನಿನ ಬುಟ್ಟಿಯೊಂದಿಗೆ ಹತ್ತುವ ಕೇಣಿಯ ಹೆಂಗಸರಿಗೆ ನನ್ನ ಟೈ ಒಂದು ಮನರಂಜನೆ. "ಎಲ್ಲಿಗ್ ಹೊಂಟ್ಯೋ ತಮಾ? ಕುತ್ಗಿಗೆ ಕಣ್ಣಿ ಹಾಕ್ಕಂಡು ಹೊಂಟಿ, ಕಟ್ಟಿ ಹಾಕೂರು ಯಾರು?" ಎಂದು ಒಬ್ಬಳು ಕೇಳಿದರೆ, ಇನ್ನೊಬ್ಬಳು, "ಕಾರವಾರದಲ್ಲಿ ಇರ್ತ್ರು ಬಿಡೇ" ಎನ್ನುತ್ತಿದ್ದಳು. ಕಾರವಾರದ ಹತ್ತಿರದ ಬಿಣಗಾದ ಏರು ಬರುವವರೆಗೂ ನಾನು ಕಿಟಕಿಯಾಚೆಯ ಸಮುದ್ರವನ್ನು ಗಂಭೀರವಾಗಿ ನೋಡುತ್ತಿದ್ದೆ.

ಆದರೆ ಟೈ ಕಟ್ಟಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದನ್ನು ಕಡ್ಡಾಯ ಮಾಡಿದ ಪ್ರಾಧ್ಯಾಪಕರದ್ದೂ ಶಾಲೆಮಕ್ಕಳ ಹಾಗೆ ಇಲಾಸ್ಟಿಕ್ಕಿನ ಟೈ. ಬರುತ್ತಿದ್ದುದು ಒಬ್ಬನಿಗೆ: ಮಾಜಾಳಿಯಿಂದ ಬರುತ್ತಿದ್ದ ಉಲ್ಲಾಸನಿಗೆ. ಅವನ ತಂದೆ ದೋಣಿಯವರು. ಅವನು ಶನಿವಾರ, ಭಾನುವಾರ ಗಡಿ ದಾಟಿ ಗೋವೆಯ ಹೋಟೆಲೊಂದರಲ್ಲಿ ಊಟ ಬಡಿಸುವ ಕೆಲಸ ಮಾಡುತ್ತಿದ್ದ. ಮೊದಲ ಸೋಮವಾರ ನಾವೆಲ್ಲ ಟೈಗಳನ್ನು ಕೈಯಲ್ಲಿ ಹಾವಿನಂತೆ ಹಿಡಿದು ನಿಂತಿದ್ದಾಗ ಅವನು ಒಬ್ಬೊಬ್ಬರದನ್ನೇ ತೆಗೆದುಕೊಂಡ. ಎದುರಿಗೆ ನಿಂತವನ ಕೊರಳಿಗೆ ಕಟ್ಟಲು ಅವನಿಗೂ ಬರುತ್ತಿರಲಿಲ್ಲ. ತನ್ನ ಕೊರಳಿಗೇ ಹಾಕಿ, ಗಂಟು ಕಟ್ಟಿ, ಸಡಿಲಿಸಿ, ತಲೆಯ ಮೇಲಿಂದ ತೆಗೆದು ನಮ್ಮ ತಲೆಗೆ ಇಳಿಸಿದ. ಅಂದಿನಿಂದ ಆ ಗಂಟುಗಳನ್ನು ಯಾರೂ ಬಿಚ್ಚಲಿಲ್ಲ. ಸಂಜೆ ಸಡಿಲಿಸಿ ಮೊಳೆಗೆ ತೂಗುಹಾಕುವುದು, ಬೆಳಿಗ್ಗೆ ತಲೆ ತೂರಿಸಿ ಬಿಗಿಯುವುದು. ತೊಳೆಯುವಂತಿಲ್ಲ, ಇಸ್ತ್ರಿ ಮಾಡುವಂತಿಲ್ಲ. ಒಂದು ತರಗತಿಯ ಎಲ್ಲ ಹುಡುಗರ ಕೊರಳಲ್ಲಿ ಮೂರು ವರ್ಷ ಒಬ್ಬನದೇ ಕೈ ಇತ್ತು. ಹುಡುಗಿಯರಿಗೆ ಟೈ ಇರಲಿಲ್ಲ. ಅವರು ನೋಡುವವರು, ಮತ್ತು ಅವರಿಗೆ ಇದೆಲ್ಲ ಗೊತ್ತಿತ್ತು.

ಇಷ್ಟಕ್ಕೇ ಹೊಟ್ಟೆಕಿಚ್ಚು ಪಡುವಷ್ಟು ನಾನು ಅಗ್ಗದವನಲ್ಲ. ಅಂಕಗಳೂ ನನಗೇ ಹೆಚ್ಚು ಬರುತ್ತಿದ್ದವು. ಆದರೆ ಒಂದು ಸೆಮಿನಾರಿನ ಕಥೆ ಕೇಳಿ. ಇಬ್ಬರಿಗೂ ಒಂದೇ ವಿಷಯ, ನಿರ್ವಹಣೆಯ ಹದಿನಾಲ್ಕು ತತ್ವಗಳು. ನಾನು ಹದಿನಾಲ್ಕನ್ನೂ ಕ್ರಮ ತಪ್ಪದೆ ಒಪ್ಪಿಸಿದೆ. ಏಳನೆಯದರ ಹೊತ್ತಿಗೆ ಹಿಂದಿನ ಬೆಂಚು ಆಕಳಿಸುತ್ತಿತ್ತು. ಉಲ್ಲಾಸ ಹತ್ತನೆಯದರವರೆಗೆ ಬಂದವನು ಹನ್ನೊಂದನ್ನು ಮರೆತ. ಗೋವೆಯ ಅತಿಥಿಗೆ ಸೋಡಾಕ್ಕೆ ನಿಂಬೆ ಹಿಂಡಲೇ ಎಂದು ಕೇಳುವ ನಗುವೊಂದನ್ನು ನಕ್ಕು, "ಮುಂದಿನದನ್ನು ನಿಮಗೇ ಬಿಡ್ತೇನೆ. ನೀವು ಮ್ಯಾನೇಜರ್ ಆದ್ರೆ ಏನು ಮಾಡ್ತೀರಿ?" ಎಂದು ಕೇಳಿಬಿಟ್ಟ. ತರಗತಿ ಚಪ್ಪಾಳೆ ಹೊಡೆಯಿತು. ಇದಕ್ಕೇ 'ಭಾಗವಹಿಸುವಿಕೆ' ಎನ್ನುತ್ತಾರೆ ಎಂದರು ಪ್ರಾಧ್ಯಾಪಕರು. ಹನ್ನೊಂದನೆಯದು ಗೊತ್ತಿದ್ದವನಿಗೆ ಈ ಜಗತ್ತಿನಲ್ಲಿ ಚಪ್ಪಾಳೆ ಇಲ್ಲ ಎಂದು ಅಂದು ತಿಳಿಯಿತು.

ಮನುಷ್ಯನ ಅಗತ್ಯಗಳನ್ನು ನಮ್ಮ ಪಠ್ಯದಲ್ಲಿ ಗೋಪುರದಂತೆ ಚಿತ್ರಿಸಿದ್ದರು. ಕೆಳಗೆ ಅನ್ನ, ನೀರು. ಮೇಲಕ್ಕೆ ಹೋದಂತೆ ಭದ್ರತೆ, ಸ್ನೇಹ, ಗೌರವ. ತುದಿಯಲ್ಲಿ ಆತ್ಮಸಾಕ್ಷಾತ್ಕಾರದಂಥದ್ದು ಏನೋ. ಹೊಟ್ಟೆಕಿಚ್ಚು ಯಾವ ಮೆಟ್ಟಿಲಲ್ಲಿದೆ ಎಂದು ಹುಡುಕಿದೆ, ಎಲ್ಲಿಯೂ ಇರಲಿಲ್ಲ. ಅದು ಸಿಕ್ಕಿದ್ದು ಮಾರ್ಕೆಟಿಂಗ್ ಪಠ್ಯಪುಸ್ತಕದಲ್ಲಿ. ಒಬ್ಬ ವ್ಯಕ್ತಿ ಇನ್ನೊಬ್ಬನ ಅಂಗಡಿಯತ್ತ ಕಣ್ಣಿಟ್ಟು ಕೊರಗಿದರೆ ಹೊಟ್ಟೆಕಿಚ್ಚು. ಕಂಪನಿಯೊಂದು ಅದನ್ನೇ ಮಾಡಿದರೆ ಸ್ಪರ್ಧಿಗಳ ವಿಶ್ಲೇಷಣೆ. ನಾನು ಉಲ್ಲಾಸನನ್ನು ವಿಶ್ಲೇಷಿಸತೊಡಗಿದೆ. ಮೀನುಗಾರರ ಮನೆಯ ಹುಡುಗ, ಬಲೆ ಹೆಣೆಯುವ ಕೈ. ಗಂಟು ಅವನಿಗೆ ರಕ್ತದಲ್ಲೇ ಬಂದಿರಬೇಕು, ಅದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇಲ್ಲ ಎಂಬ ತೀರ್ಮಾನಕ್ಕೆ ಬಂದು, ಸಮಾಧಾನಪಟ್ಟು, ಅದನ್ನು ಅವನಿಗೇ ಹೇಳಿದೆ.

ಉಲ್ಲಾಸ ನಕ್ಕ. "ಬಲೆ ಎಲ್ಲಾ ಈಗ ರೆಡಿಮೇಡ್ ಬರ್ತದೆ ರೇ. ನಮ್ಮ ಪಪ್ಪನ ಕೈಗೆ ಟೈ ಕೊಟ್ರೆ ದೋಣಿ ಒರೆಸೂಕೆ ತಗಳ್ತ್ರು. ನಂಗೆ ಹೋಟೆಲಲ್ಲಿ ಕಲ್ಸಿದ್ದು. ಗಂಟು ಓರೆ ಆದ್ರೆ ಎಲ್ಲರ ಎದುರಿಗೆ ಬಯ್ತಿದ್ರು. ಬೈಸ್ಕಂಡು ಬೈಸ್ಕಂಡು ಬಂತು."

ಅಂದರೆ ಅದೂ ಅವನ ಸ್ವಂತ ಸಂಪಾದನೆ. ಒಂದು ಮೂಲವನ್ನೂ ವಿಚಾರಿಸದೆ ತೀರ್ಮಾನ ಬರೆಯಬಾರದೆಂಬ ಪಾಠವನ್ನು ಪತ್ರಿಕೆ ಸೇರುವ ಮೊದಲೇ ಕಲಿತೆ, ಸಂತೋಷವಂತೂ ಆಗಲಿಲ್ಲ.

ಕೊನೆಯ ವರ್ಷ ಹುಬ್ಬಳ್ಳಿಯಿಂದ ಒಂದು ಬಿಸ್ಕತ್ ಕಂಪನಿಯವರು ಕಾಲೇಜಿಗೆ ಬರುವ ಸುದ್ದಿ ಬಂತು. ಮಾರಾಟ ವಿಭಾಗಕ್ಕೆ ಒಬ್ಬನೇ ಒಬ್ಬ ತರಬೇತಿ ಹುಡುಗ ಬೇಕಂತೆ. ಆ ಕೆಲಸ ನನಗೆ ಬೇಕಿತ್ತು. ಆಯಿ ಹೇಳಿಕೊಂಡು ಬಂದ 'ಮ್ಯಾನೇಜರ್' ಎಂಬ ಮಾತು ನಿಜವಾಗಲು ಅದೊಂದೇ ದಾರಿ ಕಾಣುತ್ತಿತ್ತು. ಜೊತೆಗೆ, ನಿಮ್ಮೆದುರು ಮುಚ್ಚಿಡುವುದೇಕೆ, ಉಲ್ಲಾಸನಿಗೆ ಸಿಗದೆ ನನಗೆ ಸಿಗಬೇಕಿತ್ತು. ಹೀಗಿರುವಾಗ ಅವನೇ ಕಟ್ಟಿದ ಗಂಟನ್ನು ಕೊರಳಿಗೆ ಹಾಕಿಕೊಂಡು ಅವನನ್ನು ಸೋಲಿಸುವುದು ಹೇಗೆ? ಹಿಂದಿನ ದಿನ ಜಗಲಿಯಲ್ಲಿ ಕೂತು, ಮೂರು ವರ್ಷಗಳಲ್ಲಿ ಮೊದಲ ಬಾರಿಗೆ, ನನ್ನ ಟೈ ಬಿಚ್ಚಿದೆ. ಹಳೆಯ ವಾರಪತ್ರಿಕೆಯ ಚಿತ್ರ ನೋಡಿ, ಕನ್ನಡಿ ಇಟ್ಟುಕೊಂಡು, ಕಟ್ಟುತ್ತ ಹೋದೆ. ಚಿತ್ರದಲ್ಲಿ ಎಡಕ್ಕಿದ್ದುದು ಕನ್ನಡಿಯಲ್ಲಿ ಬಲಕ್ಕೆ ಹೋಗುತ್ತಿತ್ತು.

ಆಯಿ ಬಂದು ನಿಂತಳು. "ಚಲೋ ಗಂಟು ಇತ್ತಲೋ. ಎಂತಕ್ಕೆ ಬಿಚ್ಚಿದೆ?"

"ನಾನೇ ಕಟ್ಟೂಕೆ."

"ಕಟ್ಟೂಕೆ ಬತ್ತದ?"

"ಇಲ್ಲ."

"ಮತ್ತೆ?"

ಮುಂದೆ ಎಷ್ಟೋ ಪತ್ರಿಕಾಗೋಷ್ಠಿಗಳಲ್ಲಿ ಕೂತಿದ್ದೇನೆ. ಇಷ್ಟು ಕಡಿಮೆ ಮಾತಿನಲ್ಲಿ ಯಾರೂ ಯಾರನ್ನೂ ಸಿಲುಕಿಸಿದ್ದು ನೋಡಿಲ್ಲ. ಕೊನೆಗೆ ಅವಳಿಗೇ ಕನಿಕರ ಬಂದು, "ಕೊಡ ಇಲ್ಲಿ" ಎಂದು ಟೈ ಕಸಿದು ಒಂದು ಗಂಟು ಬಿಗಿದಳು. "ನಮ್ಮ ಎಮ್ಮೆಗೆ ಹಾಕೂ ಗಂಟು. ಎಷ್ಟು ಎಳದ್ರೂ ಜಾರೂದಿಲ್ಲ." ನಿಜ, ಜಾರಲಿಲ್ಲ. ಜಾರದ ಗಂಟಿನೊಳಗೆ ನನ್ನ ತಲೆಯೂ ತೂರಲಿಲ್ಲ.

ಮರುದಿನ ಆ ಗಂಟನ್ನು ಹೇಗೋ ಬಿಚ್ಚಿ, ಟೈಯನ್ನು ಕಿಸೆಯಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ಸಂದರ್ಶನದ ಕೋಣೆಯ ಹೊರಗೆ ಹುಡುಗರೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು, ಎಲ್ಲರ ಕೊರಳಲ್ಲೂ ಅದೇ ಅಚ್ಚುಕಟ್ಟು ಗಂಟು. ಕಟ್ಟಿಕೊಡು ಎಂದು ನಾನು ಕೇಳಲಿಲ್ಲ. ಕಿಸೆಯಿಂದ ಇಣುಕುತ್ತಿದ್ದ ನೀಲಿ ತುದಿಯನ್ನು ಉಲ್ಲಾಸ ನೋಡಿದ. ಎದ್ದು ಬಂದು ಎಳೆದುಕೊಂಡ. ತನ್ನ ಟೈಯ ಮೇಲೆಯೇ ನನ್ನದನ್ನು ಹಾಕಿ, ಕಟ್ಟಿ, ತೆಗೆದು, ನನ್ನ ತಲೆಗೆ ಇಳಿಸಿದ. ಗಂಟನ್ನು ಕಾಲರಿನ ನಡುವಿಗೆ ತಂದು ಹೆಗಲ ಧೂಳು ಕೊಡವಿದ.

"ಆರಾಮ ಇರು ರೇ" ಎಂದ.

ಒಳಗೆ ಕೂತಿದ್ದ ಅಧಿಕಾರಿ ದೊಡ್ಡ ಆಳು, ಹುಬ್ಬಳ್ಳಿಯ ಕಡೆಯವರು. ಕೇಳಿದ ಪ್ರಶ್ನೆಗಳಿಗೆ ನಾನು ಪುಸ್ತಕದಲ್ಲಿದ್ದ ಹಾಗೆಯೇ ಉತ್ತರಿಸಿದೆ. ಅವರು ತಲೆಯಾಡಿಸುತ್ತಿದ್ದರು. ಗೆದ್ದೆನೆಂದೇ ಅನ್ನಿಸಿತು. ಆಗ ಅವರು ಪೆನ್ನಿನ ತುದಿಯಿಂದ ನನ್ನ ಕೊರಳು ತೋರಿಸಿದರು.

"ಮುಂಜಾನಿಂದ ನೋಡಾಕತ್ತೀನಿ, ಎಲ್ಲಾರ ಕೊಳ್ಳಾಗೂ ಒಂದ ನಮೂನಿ ಗಂಟು. ಯಾರ್ ಕಟ್ಟ್ಯಾರಪಾ ಇದನ್ನ?"

ನಾನೇ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಕೇಳಿದ್ದಕ್ಕೆ ಇದ್ದುದನ್ನು ಹೇಳುವ ರೋಗ ಆಗಲೇ ಅಂಟಿತ್ತು. "ಉಲ್ಲಾಸ ಅಂತ ಸರ್. ನನ್ನ ನಂತರ ಬರುವವನು" ಎಂದೆ.

"ನಿಂದೂ ಅವನ ಕಟ್ಟಿದ್ನ?"

"ಹೌದು ಸರ್. ಈಗಷ್ಟೇ."

"ಅಂದ್ರ ಅಂವಾನೂ ಇದ ನೌಕರಿಗೆ ಬಂದಾನ, ನಿನಗ ಟೈ ಕಟ್ಟಿ ಮೊದಲ ಒಳಗ ಕಳಿಸ್ಯಾನ?" ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಕಳಸು ಅವನ್ನ."

ಉಲ್ಲಾಸ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಇಬ್ಬರೂ ನಗುವ ಸದ್ದು ಬಾಗಿಲಾಚೆ ಕೇಳಿತು. ಕೆಲಸ ಅವನಿಗಾಯಿತು. ನಾನು ಹೇಳದಿದ್ದರೂ ಆಗುತ್ತಿತ್ತೇನೋ. ಅದನ್ನು ಪರಿಶೀಲಿಸಲು ದಾರಿಯಿಲ್ಲ. ನನ್ನ ಮೊದಲ ವರದಿ ಅದೇ ಎಂದು ಈಗ ಅನ್ನಿಸುತ್ತದೆ: ಸತ್ಯ, ಸಂಕ್ಷಿಪ್ತ, ಮತ್ತು ಕೊಟ್ಟವನಿಗೆ ಲಾಭವಿಲ್ಲದ್ದು. ಇಂಥ ಅರ್ಹತೆಗಳಿದ್ದವನನ್ನು ಪತ್ರಿಕೆ ಬಿಟ್ಟು ಬೇರೆ ಯಾರು ತೆಗೆದುಕೊಳ್ಳುತ್ತಾರೆ? ಆ ವರ್ಷವೇ ಸೇರಿದೆ. ಸಂದರ್ಶನದ ದಿನ ಮನೆಗೆ ಬಂದು ಟೈಯನ್ನು ಬಿಚ್ಚದೆ, ತಲೆಯ ಮೇಲಿಂದ ತೆಗೆದು, ಮೊಳೆಗೆ ಹಾಕಿದೆ.

ಪತ್ರಿಕೆಯಲ್ಲಿ ಎರಡೂ ಕಡೆಯವರ ಮಾತು ಕೇಳಿ ಬರೆಯಬೇಕೆಂಬ ನಿಯಮವಿದೆ. ಹೊಟ್ಟೆಕಿಚ್ಚಿನ ಕಷ್ಟವೆಂದರೆ, ಇನ್ನೊಂದು ಕಡೆಯವನಿಗೆ ಇಂಥದೊಂದು ವ್ಯಾಜ್ಯ ನಡೆಯುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಹಾಗೆಂದು ನಾನು ಬಹುಕಾಲ ನಂಬಿದ್ದೆ. ಮೊನ್ನೆ ಉಲ್ಲಾಸ ಮನೆಗೆ ಬಂದಿದ್ದ. ಈಗ ಅದೇ ಕಂಪನಿಯ ದೊಡ್ಡ ಮ್ಯಾನೇಜರ್. ಬಂಗಡೆ ಮೀನಿನ ಸಾರಿನಲ್ಲಿ ಊಟ ಮುಗಿಸಿ ಜಗಲಿಗೆ ಬಂದು ಕೂತಾಗ, ಬಾಕಿ ಉಳಿದ ಹೇಳಿಕೆ ಪಡೆದೇಬಿಡೋಣವೆಂದು, "ಕಾಲೇಜಲ್ಲಿ ನಂಗೆ ನಿನ್ನ ಕಂಡ್ರೆ ಹೊಟ್ಟೆಕಿಚ್ಚು ಇತ್ತು ಮಾರಾಯಾ" ಎಂದೆ.

"ಗೊತ್ತಿತ್ತು" ಎಂದ, ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತ. "ಎಲ್ಲರಿಗೂ ಗೊತ್ತಿತ್ತು ರೇ. ಹುಡ್ಗೀರು ನಂಗೆ ಹೇಳ್ತಿದ್ರು, ಅಂಕೋಲೆಯವ ಇವತ್ತು ನಿನ್ನ ಹೆಂಗ್ ನೋಡ್ದ ಅಂತ."

ನನ್ನ ಬಳಿ ಮಾತ್ರ ಇದೆಯೆಂದು ಇಷ್ಟು ವರ್ಷ ಕಾಪಾಡಿಕೊಂಡ ಸುದ್ದಿ ಆಗಲೇ ಊರೆಲ್ಲ ಓದಿಯಾಗಿತ್ತು. "ಮತ್ತೆ ಆ ದಿನ ಟೈ ಎಂತಕ್ಕೆ ಕಟ್ಟಿಕೊಟ್ಟೆ?"

"ಟೈ ಇಲ್ಲದೆ ನೀ ಒಳಗೆ ಹೋಗ್ತಿರ್ಲಿಲ್ಲ. ನೀ ಇಲ್ಲದೆ ನಾ ಗೆದ್ರೆ ಅದೆಂತಾ ಗೆಲ್ಲೂದು?"

ಅಲ್ಲಿಗೆ ನನ್ನ ಹೊಟ್ಟೆಕಿಚ್ಚಿಗೆ ಇನ್ನೊಂದು ಕಾರಣ ಸೇರಿತು. ಮನುಷ್ಯ ಒಳ್ಳೆಯವನೂ ಆಗಿರಬೇಕಿತ್ತೇ?

ಅವನು ಬಂದ ಕೆಲಸ ಆಮೇಲೆ ಹೊರಬಿತ್ತು. ಚೀಲದಿಂದ ಹೊಸ ಟೈಯೊಂದನ್ನು ತೆಗೆದ. ಬರುವ ಭಾನುವಾರ ಗೋವೆಯಲ್ಲಿ ಕಂಪನಿಯ ಸಮಾರಂಭ, ಟೈ ಬೇಕೇಬೇಕು. "ಕೈಗೆ ನೆನಪೇ ಇಲ್ಲ ರೇ. ಇಷ್ಟು ವರ್ಷ ಕಾಲರ್ ಬಿಚ್ಕಂಡೇ ಅಂಗಡಿ ಅಂಗಡಿ ತಿರುಗಿದ್ದು. ನಿನ್ನ ಹಳೇದು ಇಟ್ಟಿದ್ಯಂತಲ್ಲ, ನಿನ್ನ ಹೆಂಡ್ತಿ ಹೇಳಿದ್ರು. ಬಿಚ್ಚಿ ನೋಡ್ಲಾ?"

"ಬಿಚ್ಚೂದು ಬೇಡ. ನೋಡಿ ಕಟ್ಟುವಾ" ಎಂದೆ.

ಹೆಂಡತಿ ಕಪಾಟಿನಿಂದ ಟೈ ತಂದು ಕೊಟ್ಟಳು. ಉಲ್ಲಾಸ ಅದನ್ನು ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ, "ಏನು ಚಲೋ ಕಟ್ಟಿದ್ದೆ ನಾ!" ಎಂದ. ಅವನು ಹೊಸ ಟೈ ಹಾಕಿಕೊಂಡ, ನಾನು ಕೈ ಒರೆಸುವ ಟವೆಲ್ ಹಾಕಿಕೊಂಡೆ. ಹಳೆಯ ಗಂಟನ್ನು ನಡುವೆ ಇಟ್ಟುಕೊಂಡು ಇಬ್ಬರೂ ಬೆವರುತ್ತ ಸುತ್ತುತ್ತ ಕೂತೆವು. ಒಳಗಿಂದ ಬಂದ ಆಯಿ ನಮ್ಮನ್ನು ನೋಡಿ, "ಇನ್ನೂ ಕಲ್ತಿಲ್ಲಾ ನೀವು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿತ್ತಲಿಗೆ ಹೋದಳು.

ಮೊದಲು ಬಂದದ್ದು ನನಗೆ. ಹೇಗೆಂದು ಹೇಳಲಾರೆ, ಟವೆಲಿನ ತುದಿ ಒಂದು ಸಂದಿಯಿಂದ ಇಳಿಯಿತು, ಎಳೆದಾಗ ಅಚ್ಚುಕಟ್ಟಾದ ಗಂಟು ಕೊರಳ ಕೆಳಗೆ ಕೂತಿತು. ಉಲ್ಲಾಸ ತನ್ನ ಕೈಯ ಗೋಜಲನ್ನು ಬಿಟ್ಟು ನನ್ನ ಕೊರಳನ್ನೇ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷ ಅದನ್ನು ಒಳಗಿನಿಂದ ಕಂಡವನು ನಾನು.

ಅವನ ಟೈ ತೆಗೆದುಕೊಂಡೆ. ನನ್ನ ಕೊರಳಿಗೆ ಹಾಕಿ, ಕಟ್ಟಿ, ಸಡಿಲಿಸಿ, ತಲೆಯ ಮೇಲಿಂದ ತೆಗೆದು ಅವನ ತಲೆಗೆ ಇಳಿಸಿದೆ. ಗಂಟನ್ನು ನಡುವಿಗೆ ತಂದು ಹೆಗಲ ಧೂಳು ಕೊಡವಿದೆ, ಧೂಳೇನೂ ಇರಲಿಲ್ಲ.

"ಆರಾಮ ಇರು ರೇ" ಎಂದೆ.

ಬಿಗಿಯುವಾಗ ಅಗತ್ಯಕ್ಕಿಂತ ಒಂದು ಎಳೆತ ಹೆಚ್ಚಿಗೆ ಎಳೆದೆ ಎಂಬುದನ್ನೂ, ವರದಿ ಪೂರ್ಣವಾಗಿರಬೇಕಾದ್ದರಿಂದ, ಇಲ್ಲಿ ಸೇರಿಸಿದ್ದೇನೆ.