ವಾರಗಿತ್ತಿಯರ ಕೌದಿ

ಮಂಡ್ಯದ ಕರಕುಶಲ ಪ್ರದರ್ಶನಕ್ಕೆಂದು ದುದ್ದದಿಂದ ಹಳೇ ಸೀರೆಗಳ ಕೌದಿಯೊಂದನ್ನು ತಂದು ಗೋಡೆಗೆ ತೂಗುಹಾಕಿದ್ದೆ. ಅದನ್ನು ಹೊಲಿದ ವಾರಗಿತ್ತಿಯರು ನಿಂಗಮ್ಮ ಮತ್ತು ಜಯಮ್ಮ. ಮನೆ ಪಾಲಾದ ಮೇಲೆ ಮಾತು ಬಿಟ್ಟಿದ್ದವರು ಉದ್ಘಾಟನೆಯ ದಿನ ಬೇರೆ ಬೇರೆ ಬಸ್ಸಿನಲ್ಲಿ ಬಂದರು. ನನಗೆ ಒಳಗೊಳಗೇ ಅಳುಕು.

ಜಯಮ್ಮ ಕೌದಿ ಸವರಿ ನೋಡಿ ನನ್ನ ಕಡೆ ತಿರುಗಿದರು. "ಅಂಚು ಬುಟ್ಕಂಡದೆ ಕಣಮ್ಮ. ಇಂಗೇ ತೋರುಸ್ತೀರಾ?"

ನಿಂಗಮ್ಮ ಎಲೆಅಡಿಕೆ ಚೀಲದಿಂದ ಸೂಜಿ ದಾರ ತೆಗೆದರು. "ನಂಗೆ ಕಣ್ಣು ಕಾಣಕಿಲ್ಲ, ಪೋಣ್ಸಿ ಕೊಡು," ಎಂದು ಚಾಚಿದ್ದು ನನ್ನತ್ತ ಅಲ್ಲ, ಜಯಮ್ಮನತ್ತ.

ಜಯಮ್ಮ ಸೂಜಿ ತೆಗೆದುಕೊಂಡು ದಾರ ಪೋಣಿಸಿದರು. ಆಮೇಲೆ ಕೌದಿಯನ್ನು ಇಳಿಸಿ ನೆಲಕ್ಕೆ ಹಾಸಿಕೊಂಡು ಇಬ್ಬರೂ ಹೊಲಿಯುತ್ತಾ ಕೂತರು. ಉದ್ಘಾಟನೆಗೆ ಬಂದ ಅತಿಥಿಗಳಿಗೆ ಕಂಡದ್ದು ಬರೀ ಗೋಡೆ, ಮತ್ತು ‘ದಯವಿಟ್ಟು ಮುಟ್ಟಬೇಡಿ’ ಎಂದು ನಾನು ಬರೆಸಿದ್ದ ಫಲಕ.