ಅಕ್ಕನ ಕೈ ನಿಂತ ವರ್ಷ

ಅಕ್ಕ ಗುಬ್ಬಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಳು. ಭಾವನ ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆ ಸೀಸನ್ನಿನಲ್ಲಿ ಬೆಳ್ಳಾವಿ ಕಡೆಯ ಹೆಂಗಸರೂ ಬಟ್ಟೆ ತಂದು ಕೊಡುತ್ತಿದ್ದರು. ಅವಳು ಹರಟೆ ಹೊಡೆಯುತ್ತಲೇ ಕತ್ತರಿ ಆಡಿಸುವುದನ್ನು ನೋಡಲು ನನಗೆ ಇಷ್ಟ.

ಒಂದು ಸಲ ಎದೆಯುರಿ, ಹುಳಿತೇಗು ಅಂತ ಡಾಕ್ಟರ ಹತ್ತಿರ ಹೋದಳು. ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ಎಷ್ಟು ದಿನ ತೆಗೆದುಕೊಳ್ಳಬೇಕೆಂದು ಅವರು ಹೇಳಲಿಲ್ಲ. ಖಾಲಿ ಶೀಟು ತೋರಿಸಿದರೆ ಸಾಕು, ಮೆಡಿಕಲ್ ಶಾಪಿನವನು ಹೊಸದು ಕೊಡುತ್ತಿದ್ದ. ಬೆಳಗಿನ ಕಾಫಿಗೂ ಮುಂಚೆ ಒಂದು ಮಾತ್ರೆ. ಹಾಗೇ ವರ್ಷ ದಾಟಿತು.

ಮೊದಲು ಅವಳ ಮುಖದ ನಗು ಹೋಯಿತು. ಆಮೇಲೆ ಬಲಗೈ ಬಿಗಿಯಾಯಿತು. ಕಾಲೆಳೆದುಕೊಂಡು ನಡೆಯತೊಡಗಿದಳು. ಹೊಲಿಗೆ ಸೊಟ್ಟಗಾಗಿ ಗಿರಾಕಿಗಳು ಬಟ್ಟೆ ವಾಪಸ್ ತಂದು ಜಗಳವಾಡಿದರು.

"ಎಲ್ಲಾ ಸೋಗು ಕಣಮ್ಮ," ಎಂದರು ಅವಳ ಅತ್ತೆ ಪಕ್ಕದ ಮನೆಯವಳಿಗೆ, ಅಕ್ಕನಿಗೆ ಕೇಳಿಸುವ ಹಾಗೆಯೇ. "ಟೀವಿ ಮುಂದೆ ಕೂರಕ್ಕಾಯ್ತದೆ, ಮುದ್ದೆ ತಿರುವಕ್ಕೆ ಆಗಲ್ವಂತೆ."

ಭಾವ ಹೊಲಿಗೆ ಮಿಷನ್ನನ್ನು ತನ್ನ ತಂಗಿಯ ಮನೆಗೆ ಕಳಿಸಿ, ಆ ಕೋಣೆಯನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟ. ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ.

ನಾನಿರುವುದು ತುಮಕೂರಿನಲ್ಲಿ, ಕುಣಿಗಲ್‌ನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಗುಬ್ಬಿಗೆ ಹೋದೆ. ಅಕ್ಕ ಕಾಫಿ ತಂದಳು. ನಾನು ಲೋಟ ತೆಗೆದುಕೊಂಡ ಮೇಲೂ ಅವಳ ಕೈ ಚಾಚಿದಂತೆಯೇ ನಿಂತಿತ್ತು. ಕಣ್ಣು ಮಿಟುಕಿಸುತ್ತಿರಲಿಲ್ಲ. ಈ ನಿಲುವನ್ನು ನಾನು ಮೊದಲೂ ನೋಡಿದ್ದೆ.

ಎಂ.ಎಸ್ಸಿ. ಮುಗಿದ ಮೇಲೆ ಕೆಲಕಾಲ ನಾನು ಇಲಿಗಳ ಲ್ಯಾಬಿನಲ್ಲಿದ್ದೆ. ಮಿದುಳಿನ ಆಳದಲ್ಲಿ ಡೋಪಮೀನ್, ಅಸಿಟೈಲ್‌ಕೋಲೀನ್ ಎಂಬ ಎರಡು ರಾಸಾಯನಿಕಗಳು ಒಂದನ್ನೊಂದು ಹತೋಟಿಯಲ್ಲಿಟ್ಟುಕೊಂಡು ದೇಹದ ಚಲನೆಯನ್ನು ನಡೆಸುತ್ತವೆ. ಡೋಪಮೀನಿನ ಸಂದೇಶ ತಡೆಯುವ ಮದ್ದು ಚುಚ್ಚಿದರೆ ಇನ್ನೊಂದರ ಕೈ ಮೇಲಾಗುತ್ತದೆ. ಆಗ ಇಲಿಯ ಮುಂಗಾಲುಗಳನ್ನು ಎತ್ತಿ ಸರಳಿನ ಮೇಲಿಟ್ಟರೆ, ಇಳಿಸಿಕೊಳ್ಳದೆ ಹಾಗೇ ನಿಂತಿರುತ್ತದೆ. ಅದರ ಶಕ್ತಿಯೇನೂ ಹೋಗಿರುವುದಿಲ್ಲ. ಕದಲುವ ಅಪ್ಪಣೆ ಬಂದಿರುವುದಿಲ್ಲ, ಅಷ್ಟೆ. ಅಸಿಟೈಲ್‌ಕೋಲೀನನ್ನು ತಗ್ಗಿಸುವ ಮದ್ದು ಕೊಟ್ಟರೆ ಮತ್ತೆ ಓಡಾಡುತ್ತದೆ.

"ಅಕ್ಕಾ, ಏನ್ ಮಾತ್ರೆ ತಗೋತಿದೀಯ?"

"ಏನಿಲ್ಲ ಕಣೇ. ಗ್ಯಾಸ್ಟ್ರಿಕ್ದು ಒಂದೇ."

ಶೀಟು ತಿರುಗಿಸಿ ಸಣ್ಣಕ್ಷರ ಓದಿದೆ. ಆಮ್ಲ ಕಡಿಮೆ ಮಾಡುವ ಮದ್ದಿನ ಜೊತೆ ಇನ್ನೊಂದು ಸೇರಿತ್ತು. ಅದು ಡೋಪಮೀನನ್ನು ತಡೆಯುವಂಥದ್ದು.

"ನರದ ಡಾಕ್ಟ್ರು ಅಂದ್ರೆ ಸುಮ್ನೆ ಸ್ಕ್ಯಾನ್ ಬರೀತಾರೆ, ಬುಡಮ್ಮ," ಎಂದು ಭಾವ ಬರಲಿಲ್ಲ. ನಾನೇ ತುಮಕೂರಿಗೆ ಕರೆದುಕೊಂಡು ಬಂದು ತೋರಿಸಿದೆ. ಡಾಕ್ಟರು ಅವಳ ಮೊಣಕೈ ಮಡಿಸಿ, ಬಿಡಿಸಿ, ಶೀಟು ನೋಡಿದರು.

"ಇದನ್ನ ಇವತ್ತೇ ನಿಲ್ಸಿ. ಸರಿಹೋಗ್ತಾರೆ, ಆದ್ರೆ ನಿಧಾನ ಆಗುತ್ತೆ."

ಗುಬ್ಬಿಯ ಆ ಮೆಡಿಕಲ್ ಶಾಪಿಗೂ ಹೋದೆ. "ಎಲ್ರೂ ತಗೋತಾರೆ ಮೇಡಂ, ಯಾರ್ಗೂ ಏನೂ ಆಗಿಲ್ಲ," ಎಂದ ಅವನು. ನಾನಿನ್ನೂ ಮಾತಾಡುತ್ತಿರುವಾಗಲೇ ಅದೇ ಮಾತ್ರೆಯ ಶೀಟನ್ನು ಇನ್ಯಾರಿಗೋ ಕತ್ತರಿಸಿ ಕೊಟ್ಟ.

ಸಂಕ್ರಾಂತಿ ಹೊತ್ತಿಗೆ ಅಕ್ಕ ತನ್ನ ಜಡೆ ತಾನೇ ಹೆಣೆದುಕೊಂಡಳು. ಸೂಜಿಗೆ ದಾರ ಪೋಣಿಸಿದ ದಿನ ಫೋನ್ ಮಾಡಿ ಅತ್ತಳು. ಮಿಷನ್ ಮನೆಗೆ ತರಿಸಿ ಎಂದು ಭಾವನನ್ನು ಕೇಳಿದ್ದಕ್ಕೆ, "ಕೊಟ್ಟಿದ್ನ ಹೆಂಗ್ ವಾಪಸ್ ಕೇಳಾದು? ಮರ್ಯಾದೆ ಬ್ಯಾಡ್ವಾ?" ಎಂದನಂತೆ. ಈಗ ಅವಳು ವಸಂತನರಸಾಪುರದ ಕಡೆ ಒಂದು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ದಿನವಿಡೀ ಶರ್ಟಿನ ಕಾಲರ್ ಒಂದನ್ನೇ ಹೊಲಿಯುತ್ತಾಳೆ.

ಹೋದ ತಿಂಗಳು ಗೂಳೂರಿನಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಭಾವ ಎದುರಿಗಿದ್ದವರಿಗೆ ಹೇಳುತ್ತಿದ್ದ: "ಕೈಕಾಲು ಬಿದ್ದೇ ಹೋಗಿತ್ತು ಕಣ್ರೀ. ನಾನು ಬುಡ್ಲಿಲ್ಲ. ದೊಡ್ಡ ಡಾಕ್ಟ್ರಿಗೆ ತೋರ್ಸಿ ಹುಷಾರ್ ಮಾಡ್ಸ್ದೆ."

ಎದುರಿಗಿದ್ದವರು ಮೆಚ್ಚಿ ತಲೆಯಾಡಿಸಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅಕ್ಕ ನನ್ನ ಕಡೆ ಬಾಗಿದಳು.

"ಸುಮ್ನಿರು ಕಣೇ. ನಾನು ಅದೇ ಮನೇಲಿ ಇರ್ಬೇಕು."

ಬಡಿಸಿದ ಪಾಯಸ ಮುಟ್ಟದೆ ಎಲೆ ಮಡಿಸಿದೆ.